ಸಂಬಳದ ತಾರೀಖನ್ನೂ ತಪಾಸಣೆ ಮಾಡಿಸಿ ಸಾರ್: ವಿಮಾನಯಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ರಾಮ್ ಮೋಹನ್ ನಾಯ್ಡು ಅವರಿಗೆ,
ಕೇಂದ್ರ ನಾಗರಿಕ ವಿಮಾನಯಾನ ಸಚಿವರು, ನವದೆಹಲಿ

ಸಾರ್, ನಮಸ್ಕಾರ.

2025ರ ಡಿಸೆಂಬರ್ ಮೊದಲ ವಾರ ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆ ನಡೆಯಿತು. ವೇದಿಕೆ ಸಿದ್ಧವಾಗಿತ್ತು, ನೆಂಟರು ಬಂದಿದ್ದರು, ಮದುಮಕ್ಕಳೇ ಇರಲಿಲ್ಲ. ಅವರು ಭುವನೇಶ್ವರದಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಹತ್ತಬೇಕಿದ್ದ ಇಂಡಿಗೋ ವಿಮಾನ ರದ್ದಾಗಿತ್ತು. ಕೊನೆಗೆ ಹುಡುಗಿಯ ಅಪ್ಪ ಅಮ್ಮ ಮದುಮಕ್ಕಳ ಕುರ್ಚಿಯಲ್ಲಿ ಕೂತರು, ಜೋಡಿ ಅಲ್ಲಿಂದಲೇ ಅಲಂಕಾರ ಮಾಡಿಕೊಂಡು ಪರದೆಯ ಮೇಲೆ ಕಾಣಿಸಿಕೊಂಡರು. ಆ ವಿಡಿಯೋ ದೇಶವೆಲ್ಲಾ ಓಡಾಡಿತು, ನೀವೂ ನೋಡಿರುತ್ತೀರಿ.

ಅದನ್ನು ನೋಡುವಾಗ ನನಗೆ ಬೇರೆ ಯಾರೋ ನೆನಪಾದರು. ಕೌಂಟರಿನ ಈಚೆ ನಿಂತು ಅವರಿಗೆ "ಫ್ಲೈಟ್ ಕ್ಯಾನ್ಸಲ್ ಆಗಿದೆ" ಅಂತ ಹೇಳಬೇಕಾಗಿ ಬಂದವರು. ಯಾಕೆಂದರೆ ಆ ಜಾಗದಲ್ಲಿ ನಾನು ಹನ್ನೊಂದು ವರ್ಷ ನಿಂತಿದ್ದೇನೆ.

ನಮ್ಮದು ದೇವನಹಳ್ಳಿ ಕಡೆಯ ಹಳ್ಳಿ. ಸುಮಾರು 4,000 ಎಕರೆಯಲ್ಲಿ ವಿಮಾನ ನಿಲ್ದಾಣ ಬಂತು, 2008ರ ಮೇ ತಿಂಗಳಲ್ಲಿ ಶುರುವಾಯಿತು. ಚಕ್ಕೋತ, ದ್ರಾಕ್ಷಿ ಬೆಳೆಯುತ್ತಿದ್ದ ಊರುಗಳ ಮಕ್ಕಳು ಲೋಡರ್ ಆದರು, ಡ್ರೈವರ್ ಆದರು, ಸೆಕ್ಯುರಿಟಿ ಆದರು. ಸ್ವಲ್ಪ ಇಂಗ್ಲಿಷ್ ಬಂದವರು ನನ್ನ ಹಾಗೆ ಚೆಕ್-ಇನ್ ಕೌಂಟರ್ ಸೇರಿದರು. ಮೂರು ಕಂಪನಿಗಳಲ್ಲಿ ಕೆಲಸ ಮಾಡಿದೆ. ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ, ನನ್ನ ಜೊತೆ ಇದ್ದವರು ಇನ್ನೂ ಅಲ್ಲಲ್ಲೇ ಇದ್ದಾರೆ. ಈಗ ನಾನು ಆ ಕೆಲಸ ಬಿಟ್ಟಿದ್ದೇನೆ. ಆದರೆ ನನ್ನ ಅಕ್ಕನ ಮಗಳು ಅಲ್ಲೇ ಗ್ರೌಂಡ್ ಹ್ಯಾಂಡ್ಲಿಂಗ್‌ನಲ್ಲಿ, ಅಂದರೆ ಏರ್‌ಲೈನ್‌ಗಳಿಗೆ ನೆಲದ ಮೇಲಿನ ಕೆಲಸ ಮಾಡಿಕೊಡುವ ಕಂಪನಿಯಲ್ಲಿ ಇದ್ದಾಳೆ. ಡಿಸೆಂಬರ್ 5ರ ರಾತ್ರಿ ಫೋನ್ ಮಾಡಿದಾಗ ಅವಳಿಗೆ ಗಂಟಲೇ ಹೋಗಿತ್ತು. ರದ್ದಾಗಿದ್ದು ಅವಳ ಕಂಪನಿಯ ವಿಮಾನ ಅಲ್ಲ, ಅವಳ ಕಂಪನಿಗೆ ವಿಮಾನವೇ ಇಲ್ಲ. ಆದರೆ ಯೂನಿಫಾರಂ ಹಾಕಿದವರನ್ನೆಲ್ಲಾ ಜನ ಹಿಡಿದು ಬೈಯುತ್ತಿದ್ದರು. "ಬೈಯಲಿ ಬಿಡು, ಅವರ ಜಾಗದಲ್ಲಿ ನಾನಿದ್ದರೂ ಬೈಯುತ್ತಿದ್ದೆ. ಆದರೆ ನನ್ನ ಹತ್ರ ಹೇಳೋಕೆ ಏನೂ ಇರಲಿಲ್ಲ" ಅಂದಳು.

ಆ ಮಾತು ಕೇಳಿದ ಮೇಲೆ ಈ ಪತ್ರ ಬರೆಯಬೇಕು ಅನ್ನಿಸಿತು.

ಡಿಸೆಂಬರ್ 3ರಿಂದ 5ರವರೆಗೆ ಮೂರೇ ದಿನದಲ್ಲಿ ಇಂಡಿಗೋದ ಎರಡೂವರೆ ಸಾವಿರ ವಿಮಾನಗಳು ರದ್ದಾದವು, ಮೂರು ಲಕ್ಷಕ್ಕೂ ಹೆಚ್ಚು ಜನ ನಿಲ್ದಾಣಗಳಲ್ಲಿ ಸಿಕ್ಕಿಕೊಂಡರು. ಆಗ ಟಿವಿಯಲ್ಲಿ ಒಂದು ಮಾತು ಪದೇ ಪದೇ ಬರುತ್ತಿತ್ತು: ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮದಿಂದ ಹೀಗಾಯಿತು ಅಂತ. ಪ್ರಯಾಣಿಕರೂ ಅದನ್ನೇ ನಂಬಿದರು. ನಮ್ಮ ಊರಿನ ಬೇಕರಿಯಲ್ಲಿ ಟೀ ಕುಡಿಯುತ್ತಾ ಒಬ್ಬರು, "ಲಕ್ಷಗಟ್ಟಲೆ ಸಂಬಳ ತಗೊಂಡು ನಿದ್ದೆ ಸಾಲಲ್ಲ ಅಂತಾರಲ್ಲ" ಅಂದರು. ಅವರಿಗೆ ಅಲ್ಲೇ ನಿಂತು ವಿವರಿಸಿದೆ. ನಿಮಗೆ ಇದೆಲ್ಲ ಗೊತ್ತು, ಆದರೆ ಈ ಪತ್ರ ಓದುವ ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿಯೂ ಬರೆಯುತ್ತೇನೆ.

ಆ ನಿಯಮ ರಾತ್ರೋರಾತ್ರಿ ಬಂದದ್ದಲ್ಲ. ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಅದನ್ನು ಹೊರಡಿಸಿದ್ದು 2024ರ ಜನವರಿಯಲ್ಲಿ. ವಾರಕ್ಕೆ 36 ಗಂಟೆ ಇದ್ದ ವಿಶ್ರಾಂತಿ 48 ಗಂಟೆ ಆಗಬೇಕು, ಬೆಳಗಿನ ಐದಕ್ಕೆ ಮುಗಿಯುತ್ತಿದ್ದ "ರಾತ್ರಿ" ಆರಕ್ಕೆ ಮುಗಿಯಬೇಕು, ರಾತ್ರಿ ಹೊತ್ತಿನ ಲ್ಯಾಂಡಿಂಗ್ ಆರು ಇದ್ದದ್ದು ಎರಡಕ್ಕೆ ಇಳಿಯಬೇಕು. ಅದೇ ವರ್ಷದ ಜೂನ್ 1ಕ್ಕೆ ಜಾರಿ ಆಗಬೇಕಿತ್ತು. ಏರ್‌ಲೈನ್‌ಗಳು ಆಗಲ್ಲ ಅಂದವು, ಮುಂದಕ್ಕೆ ಹೋಯಿತು. ಪೈಲಟ್‌ಗಳು ದೆಹಲಿ ಹೈಕೋರ್ಟಿಗೆ ಹೋದರು. ಆಮೇಲೆ ಎರಡು ಕಂತಿನಲ್ಲಿ ಬಂತು, 2025ರ ಜುಲೈ 1ಕ್ಕೆ ಒಂದಿಷ್ಟು, ನವೆಂಬರ್ 1ಕ್ಕೆ ಉಳಿದದ್ದು. ಅಂದರೆ ಸುಮಾರು ಇಪ್ಪತ್ತೆರಡು ತಿಂಗಳು ಟೈಮ್ ಇತ್ತು ಸಾರ್. ನಮ್ಮ ಕಡೆ ಮದುವೆ ಮನೆಗೆ ಅಡುಗೆ ಮಾಡುವವರೂ ಎಷ್ಟು ಜನ ಬರುತ್ತಾರೆ ಅಂತ ಮೊದಲೇ ಕೇಳಿ ಕೈಯಾಳುಗಳನ್ನು ಕರೆತರುತ್ತಾರೆ. ದೇಶದ ನೂರು ಪ್ರಯಾಣಿಕರಲ್ಲಿ ಅರವತ್ತಕ್ಕಿಂತ ಹೆಚ್ಚು ಜನರನ್ನು ಹೊತ್ತು ಹೋಗುವ ಕಂಪನಿಗೆ ಎಷ್ಟು ಪೈಲಟ್ ಬೇಕು ಅಂತ ಲೆಕ್ಕ ಹಾಕೋಕೆ ಆಗಲಿಲ್ಲವಾ? ತಮ್ಮ ಅಂದಾಜು ತಪ್ಪಿತು ಅಂತ ಕೊನೆಗೆ ಅವರೇ ಡಿಜಿಸಿಎ ಮುಂದೆ ಒಪ್ಪಿಕೊಂಡರು.

ಇನ್ನೊಂದು ಲೆಕ್ಕ. 2024-25ರಲ್ಲಿ ಇಂಡಿಗೋ ಮಾಡಿದ ಲಾಭ 7,258 ಕೋಟಿ ರೂಪಾಯಿ. ಲಾಭ ಮಾಡಬಾರದು ಅಂತ ನಾನು ಹೇಳುವುದಿಲ್ಲ. ನಷ್ಟ ಮಾಡುವ ಕಂಪನಿಯಲ್ಲಿ ಕೆಲಸ ಮಾಡಿದವರಿಗೆ ಲಾಭದ ಬೆಲೆ ಚೆನ್ನಾಗಿ ಗೊತ್ತು. ಆದರೆ ಆ ವರ್ಷ ಅವರ ಖರ್ಚಿನಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಇಂಧನಕ್ಕೆ ಹೋಯಿತು, ಸಿಬ್ಬಂದಿಗೆ ಹೋದದ್ದು ಸುಮಾರು ಹತ್ತರಲ್ಲಿ ಒಂದು ಭಾಗ. ಅಮೆರಿಕದ ದೊಡ್ಡ ಏರ್‌ಲೈನ್‌ಗಳಲ್ಲಿ ಸಿಬ್ಬಂದಿ ಖರ್ಚೇ ಎಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ಹಾಗಿಲ್ಲ. ಆದರೂ ಖರ್ಚು ಕಡಿಮೆ ಮಾಡಬೇಕು ಅಂದ ತಕ್ಷಣ ಕೈ ಹೋಗುವುದು ಈ ಹತ್ತನೇ ಭಾಗಕ್ಕೆ.

ಯಾಕೆ ಅಂತ ಕೌಂಟರಿನಲ್ಲಿ ನಿಂತವರಿಗೂ ಗೊತ್ತು. ಇಂಧನದ ಬೆಲೆ ಏರ್‌ಲೈನ್ ಕೈಯಲ್ಲಿಲ್ಲ, ಅದರ ಮೇಲೆ ರಾಜ್ಯಗಳು ವ್ಯಾಟ್ ಹಾಕುತ್ತವೆ, ಜಿಎಸ್‌ಟಿ ಒಳಗೂ ಅದು ಬಂದಿಲ್ಲ. ವಿಮಾನಗಳ ಬಾಡಿಗೆ ಡಾಲರ್‌ನಲ್ಲಿ ಕಟ್ಟಬೇಕು, ಕಟ್ಟದಿದ್ದರೆ ವಿಮಾನದ ಯಜಮಾನರು ವಿಮಾನವನ್ನೇ ವಾಪಸ್ ಕೇಳುತ್ತಾರೆ. ಎಣ್ಣೆ ಕಂಪನಿಗೆ ದುಡ್ಡು ಹೋಗದಿದ್ದರೆ ಟ್ಯಾಂಕಿಗೆ ಇಂಧನ ಬೀಳಲ್ಲ. ವಿಮಾನ ನಿಲ್ದಾಣದ ಬಾಕಿ ಜಾಸ್ತಿಯಾದರೆ ಕೈಯಲ್ಲಿ ಕಾಸು ಕೊಟ್ಟರೆ ಮಾತ್ರ ಸೇವೆ ಅಂತಾರೆ. ಇವರೆಲ್ಲರ ಕೈಯಲ್ಲೂ ಒಂದು ಹಗ್ಗ ಇದೆ, ಎಳೆದರೆ ವಿಮಾನ ನಿಲ್ಲುತ್ತದೆ. ಸಂಬಳ ತಡವಾದರೂ ಮಾರನೇ ದಿನ ಬೆಳಗಿನ ಜಾವ ಮೂರಕ್ಕೆ ಎದ್ದು ಬಂದು ಕೌಂಟರ್ ತೆಗೆಯುವವರು ಸಿಬ್ಬಂದಿ ಒಬ್ಬರೇ. ಅದಕ್ಕೇ ಮ್ಯಾನೇಜ್‌ಮೆಂಟಿಗೆ ಕಷ್ಟ ಬಂದಾಗ ಬಡ್ಡಿ ಇಲ್ಲದ ಸಾಲ ಸಿಗುವುದು ನಮ್ಮ ಹತ್ತಿರ. ಆ ಸಾಲವನ್ನು ಯಾರೂ ನಮ್ಮನ್ನು ಕೇಳಿ ತೆಗೆದುಕೊಳ್ಳುವುದಿಲ್ಲ.

ನನಗೆ ಆದದ್ದನ್ನು ಹೇಳುತ್ತೇನೆ. ಮೂರರಲ್ಲಿ ಒಂದು ಕಂಪನಿಯಲ್ಲಿ ನಮಗೆ ತಿಂಗಳ ಕೊನೆಯ ದಿನವೇ ಸಂಬಳ ಆಗುತ್ತಿತ್ತು. ಒಂದು ತಿಂಗಳು ಒಂದನೇ ತಾರೀಖಿಗೆ ಬಂತು, ಯಾರೂ ಗಮನಿಸಲಿಲ್ಲ. ಮುಂದಿನ ತಿಂಗಳು ಏಳಕ್ಕೆ. ಅದರ ಮುಂದಿನ ತಿಂಗಳು ಹದಿಮೂರಕ್ಕೆ, ಅದೂ ಲೋಡರ್‌ಗಳಿಗೆ ಮೊದಲು, ನಮಗೆ ಆಮೇಲೆ, ಮೇಲಿನವರಿಗೆ ಅರ್ಧ. ಹೆಚ್‌ಆರ್‌ನಿಂದ ಒಂದು ಮೇಲ್ ಬರುತ್ತಿತ್ತು, "ನಿಮ್ಮ ತಾಳ್ಮೆಗೆ ಧನ್ಯವಾದ" ಅಂತ. ಆಮೇಲೆ ಸಣ್ಣ ಸಣ್ಣ ವಿಷಯಗಳು ಕಾಣೋಕೆ ಶುರುವಾದವು. ಸ್ಟಾಫ್ ಕ್ಯಾಬ್ ಡ್ರೈವರ್ ಒಂದು ದಿನ ಬರಲಿಲ್ಲ, ಅವರಿಗೂ ಬಾಕಿ ಇತ್ತಂತೆ. ಪ್ರಿಂಟರ್ ಕೆಟ್ಟರೆ ವಾರಗಟ್ಟಲೆ ಹಾಗೇ ಇರುತ್ತಿತ್ತು. ಬೋರ್ಡಿಂಗ್ ಪಾಸ್ ಹಾಳೆ ಮುಗಿಯಿತು ಅಂತ ಪಕ್ಕದ ಏರ್‌ಲೈನಿನ ಹುಡುಗರ ಹತ್ತಿರ ಕೈಗಡ ತಂದೆವು. ಪ್ರಯಾಣಿಕರಿಗೆ ಇದೇನೂ ಕಾಣಿಸಲ್ಲ. ಅವರಿಗೆ ಕಾಣುವುದು ನಮ್ಮ ಲಿಪ್‌ಸ್ಟಿಕ್, ಸ್ಕಾರ್ಫ್, ನಗು.

ನಾಲ್ಕನೇ ತಿಂಗಳು ನಮ್ಮ ಇಂಜಿನಿಯರಿಂಗ್ ವಿಭಾಗದ ಒಬ್ಬ ಟೆಕ್ನಿಷಿಯನ್, ನನಗಿಂತ ಹಿರಿಯರು, ನಾನು ಅಣ್ಣ ಅಂತ ಕರೆಯುತ್ತಿದ್ದವರು, ಶಿಫ್ಟ್ ಮುಗಿಸಿ ಬಸ್ ಸ್ಟಾಪಿನಲ್ಲಿ ಸಿಕ್ಕರು. ಮಗನ ಸ್ಕೂಲ್ ಫೀಸ್ ಕಟ್ಟೋಕೆ ಆಗಿಲ್ಲ, ಹಗಲು ಹೊತ್ತು ಒಂದು ಗ್ಯಾರೇಜಿಗೆ ಹೋಗಿ ಕಾರು ರಿಪೇರಿ ಮಾಡುತ್ತಿದ್ದೇನೆ ಅಂದರು. ಅಂದರೆ ರಾತ್ರಿ ವಿಮಾನ, ಹಗಲು ಗ್ಯಾರೇಜು. "ನಿದ್ದೆ ಯಾವಾಗಣ್ಣಾ?" ಅಂತ ಕೇಳಿದೆ. ಬಸ್ಸಿನಲ್ಲಿ ಅಂದರು. ನನಗೆ ಆವತ್ತು ಮೈ ಜುಮ್ಮೆಂದಿತು. ಅವರು ಬಹಳ ಒಳ್ಳೆಯ ಕೆಲಸಗಾರ, ಕೆಲಸದಲ್ಲಿ ಒಂದು ಬೋಲ್ಟನ್ನೂ ಸುಮ್ನೆ ಬಿಡುವವರಲ್ಲ. ಆದರೆ ಮನುಷ್ಯನ ಕಣ್ಣಿಗೂ ಒಂದು ಮಿತಿ ಇದೆ ಅಲ್ವಾ ಸಾರ್. ಆ ವಿಮಾನದ ಟೈರಿನ ಸವೆತಕ್ಕೆ ಇಷ್ಟೇ ಇರಬೇಕು ಅಂತ ಅಳತೆ ಇದೆ, ಅದನ್ನು ನೋಡೋಕೆ ನಿಮ್ಮ ಡಿಜಿಸಿಎಯಿಂದ ಜನ ಬರುತ್ತಾರೆ. ಟೈರು ನೋಡಿ ಸಹಿ ಹಾಕುವ ಮನುಷ್ಯನಿಗೆ ಸಂಬಳ ಬಂದು ಎಷ್ಟು ದಿನ ಆಯಿತು ಅಂತ ಕೇಳೋಕೆ ಯಾರೂ ಬರಲಿಲ್ಲ.

ನನ್ನ ಒಂದೂವರೆ ತಿಂಗಳ ಸಂಬಳ ಅಲ್ಲಿ ಹಾಗೇ ಉಳಿಯಿತು. ಅದು ಹೋದರೆ ಹೋಗಲಿ. ನಾನು ಹೇಳಬೇಕಾಗಿರುವುದು ಬೇರೆ. ಸಂಬಳದ ತಾರೀಖು ಜಾರೋಕೆ ಶುರುವಾದರೆ ಆ ಏರ್‌ಲೈನ್ ಕೆಟ್ಟಿದೆ ಅಂತ ಅರ್ಥ. ಬ್ಯಾಂಕಿನವರಿಗಿಂತ ಮೊದಲು, ಪೇಪರಿನವರಿಗಿಂತ ಮೊದಲು, ನಿಮ್ಮ ಇಲಾಖೆಗಿಂತ ಎಷ್ಟೋ ಮೊದಲು ಅದು ನಮಗೆ ಗೊತ್ತಾಗುತ್ತದೆ.

ಹಳೆಯದನ್ನು ತೆಗೆದು ನೋಡಿ. ಕಿಂಗ್‌ಫಿಶರ್ ನಮ್ಮ ಬೆಂಗಳೂರಿನ ಕಂಪನಿ, 2005ರಲ್ಲಿ ಹಾರಾಟ ಶುರು ಮಾಡಿತು. ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಕಟ್ಟಿದ ಏರ್ ಡೆಕ್ಕನ್ ಕೂಡ ಆಮೇಲೆ ಅದರೊಳಗೆ ಸೇರಿಹೋಯಿತು. 2012ರಲ್ಲಿ ಅಲ್ಲಿನ ಸಿಬ್ಬಂದಿಗೆ ಏಳು ತಿಂಗಳ ಹತ್ತಿರ ಸಂಬಳ ಆಗಿರಲಿಲ್ಲ. ಇಂಜಿನಿಯರ್‌ಗಳು, ಪೈಲಟ್‌ಗಳು ಕೆಲಸ ನಿಲ್ಲಿಸಿದರು, ಅಕ್ಟೋಬರ್ 1ರಿಂದ ಲಾಕೌಟ್ ಆಯಿತು. ಆ ವಾರವೇ ದೆಹಲಿಯಲ್ಲಿ ಒಬ್ಬ ನೌಕರರ ಹೆಂಡತಿ ಪ್ರಾಣ ಕಳೆದುಕೊಂಡರು, ಗಂಡನಿಗೆ ತಿಂಗಳುಗಳಿಂದ ಸಂಬಳ ಬಂದಿಲ್ಲ ಅಂತ ಬರೆದಿಟ್ಟು ಹೋದರು. ಡಿಜಿಸಿಎ ಲೈಸೆನ್ಸ್ ಅಮಾನತು ಮಾಡಿದ್ದು ಅಕ್ಟೋಬರ್ 20ಕ್ಕೆ. ಸಿಬ್ಬಂದಿಯ ಸಂಬಳದಿಂದ ತೆರಿಗೆ ಅಂತ ಹಿಡಿದ ಟಿಡಿಎಸ್ ಅನ್ನೂ ಕಂಪನಿ ಸರ್ಕಾರಕ್ಕೆ ಕಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಆ ಕೆಂಪು ಯೂನಿಫಾರಂ ಹಾಕಿದ್ದ ಎಷ್ಟೋ ಜನ ಇವತ್ತಿಗೂ ತಮ್ಮ ಬಾಕಿಯ ಮಾತು ಬಂದರೆ ಸುಮ್ಮನಾಗುತ್ತಾರೆ. ಬ್ಯಾಂಕುಗಳ 9,000 ಕೋಟಿ ಬಗ್ಗೆ ದೇಶವೆಲ್ಲಾ ಮಾತಾಡಿತು. ಇವರ ಬಾಕಿಯ ಬಗ್ಗೆ ಅಷ್ಟು ಮಾತು ಕೇಳಿಬರಲಿಲ್ಲ.

ಜೆಟ್ ಏರ್‌ವೇಸ್ ಕಥೆಯೂ ಅದೇ. 2018ರಲ್ಲೇ ಸಂಬಳ ತಡವಾಗೋಕೆ ಶುರುವಾಗಿತ್ತು. 2019ರ ಮಾರ್ಚ್‌ನಲ್ಲಿ ಅಲ್ಲಿನ ವಿಮಾನ ನಿರ್ವಹಣಾ ಇಂಜಿನಿಯರ್‌ಗಳ ಸಂಘ ಡಿಜಿಸಿಎಗೆ ಪತ್ರ ಬರೆಯಿತು: ಮೂರು ತಿಂಗಳಿಂದ ಸಂಬಳ ಇಲ್ಲ, ನಮ್ಮ ಮನಸ್ಸು ನೆಮ್ಮದಿಯಾಗಿಲ್ಲ, ಇದರಿಂದ ಸುರಕ್ಷತೆಗೆ ಅಪಾಯ ಇದೆ ಅಂತ. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳೋದು ಸಾರ್? ತಿಂಗಳು ತುಂಬುವುದರೊಳಗೆ, ಏಪ್ರಿಲ್ 17ಕ್ಕೆ, ಜೆಟ್‌ನ ಕೊನೆಯ ವಿಮಾನ ಹೊರಟಿತು. ಸುಮಾರು 20,000 ಜನರ ಕೆಲಸ ಹೋಯಿತು. ಐದು ವರ್ಷ ಅದನ್ನು ಉಳಿಸುತ್ತೇವೆ, ಮತ್ತೆ ಹಾರಿಸುತ್ತೇವೆ ಅಂತ ನಡೆದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಸ್ತಿ ಮಾರಿ ಮುಚ್ಚಿ ಅಂತ ಆದೇಶ ಮಾಡಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಿತು. ಸ್ಪೈಸ್‌ಜೆಟ್ 2024ರಲ್ಲಿ 3,000 ಕೋಟಿ ಎತ್ತಿದ ಮೇಲೆಯೇ ಸಿಬ್ಬಂದಿಯ ಸಂಬಳದ ಬಾಕಿ, ತಿಂಗಳುಗಟ್ಟಲೆ ಕಟ್ಟದೆ ಉಳಿದಿದ್ದ ಪಿಎಫ್ ಚುಕ್ತಾ ಮಾಡಿದ್ದು. ಅದಕ್ಕೆ ಸ್ವಲ್ಪ ಮುಂಚೆ 150 ಕ್ಯಾಬಿನ್ ಸಿಬ್ಬಂದಿಯನ್ನು ಮೂರು ತಿಂಗಳು ಸಂಬಳ ಇಲ್ಲದೆ ಮನೆಗೆ ಕಳಿಸಿತ್ತು. ಡಿಜಿಸಿಎ ಅದರ ಮೇಲೆ ಹೆಚ್ಚುವರಿ ನಿಗಾ ಇಟ್ಟಿದ್ದು ಕೆಟ್ಟ ಮೇಲೆ.

ಕಂಪನಿ ಮುಳುಗಿದಾಗ ಕಾನೂನು ನಮ್ಮನ್ನು ಸಾಲಿನಲ್ಲಿ ಎಲ್ಲಿ ನಿಲ್ಲಿಸುತ್ತದೆ ಅಂತಲೂ ಹೇಳಿಬಿಡುತ್ತೇನೆ. ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಪ್ರಕಾರ "ವರ್ಕ್‌ಮನ್", ಅಂದರೆ ಸಾಮಾನ್ಯವಾಗಿ ಮೇಲ್ವಿಚಾರಕರಲ್ಲದ ಕೆಲಸಗಾರರು, ಅನ್ನಿಸಿಕೊಂಡವರ 24 ತಿಂಗಳ ಬಾಕಿಗೆ ಬ್ಯಾಂಕುಗಳ ಜೊತೆ ಸಮ ಜಾಗ ಇದೆ. ವರ್ಕ್‌ಮನ್ ಅಲ್ಲದ ನೌಕರರಿಗೆ ಅವರ ಹಿಂದಿನ ಸಾಲು, ಅದೂ 12 ತಿಂಗಳದ್ದು ಮಾತ್ರ. ನಮ್ಮಲ್ಲಿ ಎಷ್ಟು ಜನರಿಗೆ ಡ್ಯೂಟಿ ಆಫೀಸರ್, ಶಿಫ್ಟ್ ಸೂಪರ್‌ವೈಸರ್ ಅಂತ ಹೆಸರು ಕೊಟ್ಟಿರುತ್ತಾರೆ ಗೊತ್ತಾ. ಸಂಬಳ ಎರಡು ಸಾವಿರ ಜಾಸ್ತಿ, ಎದೆಯ ಮೇಲೆ ಬೇರೆ ಬ್ಯಾಡ್ಜ್. ಆ ಬ್ಯಾಡ್ಜ್ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ಅದರಿಂದ ಹಿಂದಿನ ಸಾಲಿಗೆ ಹೋಗಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಪಿಎಫ್, ಗ್ರಾಚ್ಯುಟಿ ಬೇರೆ ಇಡಬೇಕು ಅಂತ ಕಾನೂನಿದೆ, ಜೆಟ್‌ನವರು ಅದಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಗೆದ್ದರು ಕೂಡ. ಆದರೆ ಗೆಲ್ಲೋಕೆ ವರ್ಷಗಳು ಬೇಕಾದವು.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಏರ್‌ಲೈನ್‌ಗಳಲ್ಲಿ ಆಗಾಗ ಒಂದು ವಿಚಿತ್ರ ಸುದ್ದಿ ಬರುತ್ತದೆ, ಒಂದೇ ದಿನ ನೂರಾರು ಜನಕ್ಕೆ ಹುಷಾರಿಲ್ಲ ಅಂತ. 2009ರ ಸೆಪ್ಟೆಂಬರ್‌ನಲ್ಲಿ ಜೆಟ್ ಪೈಲಟ್‌ಗಳಿಗೆ ಐದು ದಿನ ಹುಷಾರಿರಲಿಲ್ಲ, ಯೂನಿಯನ್ ಕಟ್ಟಿದ್ದಕ್ಕೆ ಇಬ್ಬರನ್ನು ತೆಗೆದಿದ್ದು ಕಾರಣ. 2022ರ ಜುಲೈ 2ರಂದು ಇಂಡಿಗೋದ ಅರ್ಧಕ್ಕಿಂತ ಹೆಚ್ಚು ವಿಮಾನಗಳು ತಡವಾದವು, ಕ್ಯಾಬಿನ್ ಸಿಬ್ಬಂದಿ ರಜೆ ಹಾಕಿ ಏರ್ ಇಂಡಿಯಾ ಇಂಟರ್‌ವ್ಯೂಗೆ ಹೋಗಿದ್ದರು. ಅದೇ ತಿಂಗಳು ಟೆಕ್ನಿಷಿಯನ್‌ಗಳೂ ಕಡಿಮೆ ಸಂಬಳದ ವಿರುದ್ಧ ಹಾಗೇ ಮಾಡಿದರು, ಕೊರೋನಾ ಕಾಲದಲ್ಲಿ ಕತ್ತರಿಸಿದ್ದು ಇನ್ನೂ ವಾಪಸ್ ಬಂದಿರಲಿಲ್ಲ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಅಲ್ಲಿ ಬೆಂಗಳೂರು ಮೂಲದ ಏರ್‌ಏಷ್ಯಾ ಇಂಡಿಯಾ ಜೊತೆ ವಿಲೀನ ನಡೆಯುತ್ತಿತ್ತು, ಹಳೆ ಸಿಬ್ಬಂದಿಗೆ ಸಂಬಳ, ಭತ್ಯೆ ಕಡಿಮೆಯಾಗುತ್ತೆ ಅಂತ ಭಯ. ಒಟ್ಟಿಗೆ ರಜೆ ಹಾಕಿದರು, ಗಲ್ಫ್‌ಗೆ ಕೆಲಸಕ್ಕೆ ಹೊರಟ ಜನ ಎಲ್ಲ ಸಿಕ್ಕಿಕೊಂಡರು. ಕಂಪನಿ ಸುಮಾರು 25 ಜನರನ್ನು ಕೆಲಸದಿಂದ ತೆಗೆಯಿತು. ಆಮೇಲೆ ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಕೂತು ಒಂದೇ ದಿನದಲ್ಲಿ ರಾಜಿಯಾಯಿತು, ತೆಗೆದವರನ್ನು ವಾಪಸ್ ತೆಗೆದುಕೊಂಡರು.

ಒಂದೇ ದಿನದಲ್ಲಿ ಮುಗಿಯುವ ಮಾತುಕತೆ ಅದು. ಅದನ್ನು ಒಂದು ವಾರ ಮುಂಚೆ ಮಾಡಿದ್ದರೆ ಆ ಗಲ್ಫ್ ಹುಡುಗರ ವೀಸಾ, ಕೆಲಸ ಉಳಿಯುತ್ತಿತ್ತಲ್ಲವಾ?

ಜನ ಯಾಕೆ ಸುಳ್ಳು ಹುಷಾರಿಲ್ಲ ಅಂತ ಹೇಳುತ್ತಾರೆ? ನಿಜ ಹೇಳೋಕೆ ಜಾಗ ಇಲ್ಲದ್ದಕ್ಕೆ. ಯೂನಿಯನ್ ಅಂದರೆ ಕೆಲಸ ಹೋಗುತ್ತೆ, ಹೆಚ್‌ಆರ್‌ಗೆ ಹೇಳಿದರೆ "ಹೊರಗೆ ಕ್ಯೂ ಇದೆ, ನಿನ್ನ ಜಾಗಕ್ಕೆ ಹತ್ತು ಜನ ಇದ್ದಾರೆ" ಅಂತಾರೆ. ಆ ಮಾತು ನಾನೂ ಕೇಳಿಸಿಕೊಂಡಿದ್ದೇನೆ. ಕ್ಯೂ ಇರುವುದೂ ನಿಜ. 2024ರ ಜುಲೈನಲ್ಲಿ ಮುಂಬೈಯಲ್ಲಿ ಲೋಡರ್ ಕೆಲಸಕ್ಕೆ ಸಾವಿರಾರು ಹುಡುಗರು ಬಂದು ನೂಕುನುಗ್ಗಲಾಗಿದ್ದನ್ನು ಎಲ್ಲರೂ ನೋಡಿದ್ದೇವೆ, ಅವರಲ್ಲಿ ಡಿಗ್ರಿ ಮಾಡಿದವರೂ ಇದ್ದರು. ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮುಷ್ಕರಕ್ಕೆ ಹದಿನಾಲ್ಕು ದಿನ ಮೊದಲೇ ನೋಟಿಸ್ ಕೊಡಬೇಕು. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಸರಿ, ಪ್ರಯಾಣಿಕರ ದೃಷ್ಟಿಯಿಂದ ನೋಡಿದರೆ ಅದರಲ್ಲಿ ನ್ಯಾಯ ಇದೆ ಅಂತ ನಾನೂ ಒಪ್ಪುತ್ತೇನೆ. ಅಜ್ಜಿಯ ಮಣ್ಣಿಗೆ ಹೊರಟವರನ್ನು ಗೇಟಿನಲ್ಲಿ ತಡೆದು ನಿಲ್ಲಿಸಿದ್ದೇನೆ ನಾನು, ಅವರ ಮುಖ ಇನ್ನೂ ಮರೆತಿಲ್ಲ. ಆದರೆ ಆ ಬಾಗಿಲು ಮುಚ್ಚುವಾಗ ಇನ್ನೊಂದನ್ನು ನಿಜವಾಗಿ ತೆರೆಯಬೇಕು. ಅದೇ ಸಂಹಿತೆಯಲ್ಲಿ ಇಪ್ಪತ್ತು ಜನ ಇರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಕೆಲಸಗಾರರ ಕಡೆಯವರು ಮಾಲೀಕರ ಕಡೆಯವರಷ್ಟೇ ಇರಬೇಕು, ಹೆಂಗಸರೂ ಇರಬೇಕು ಅಂತ ಇದೆ. ವೇತನ ಸಂಹಿತೆಯಲ್ಲಿ ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಖಿನ ಒಳಗೆ ಕೊಡಬೇಕು, ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು ಅಂತ ಇದೆ. ನನ್ನ ಅಕ್ಕನ ಮಗಳನ್ನು ಕೇಳಿದೆ, ನಿಮ್ಮ ಸಮಿತಿಯಲ್ಲಿ ಯಾರಿದ್ದಾರಮ್ಮ ಅಂತ. ಅಂಥದ್ದೊಂದು ಇದೆ ಅಂತಲೇ ಅವಳಿಗೆ ಗೊತ್ತಿಲ್ಲ.

ಇನ್ನೊಂದು ಮಾತು, ಗ್ರೌಂಡ್ ಸಿಬ್ಬಂದಿಯದ್ದು. ಪೈಲಟ್‌ಗಳ ಸುದ್ದಿ ಟಿವಿಗೆ ಬರುತ್ತದೆ. ಬಿಸಿಲಿನಲ್ಲಿ ವಿಮಾನದ ಹೊಟ್ಟೆಯೊಳಗೆ ಬಗ್ಗಿ ಸೂಟ್‌ಕೇಸ್ ಜೋಡಿಸುವವನ ಸುದ್ದಿ ಎಲ್ಲಿಗೂ ಬರಲ್ಲ. ವಿಮಾನ ಇಳಿದು ಮತ್ತೆ ಹೊರಡೋಕೆ ಅರ್ಧ ಗಂಟೆ ಟೈಮ್. ಅಷ್ಟರಲ್ಲಿ ಚಕ್ರ ಉರುಳದ ಹಾಗೆ ಚೋಕ್ ಇಡಬೇಕು, ಬ್ಯಾಗೇಜ್ ಇಳಿಸಬೇಕು, ಹೊಸದು ಏರಿಸಬೇಕು, ಒಳಗೆ ಗುಡಿಸಬೇಕು. ಅಗ್ಗದ ಟಿಕೆಟ್ ಸಾಧ್ಯ ಆಗುವುದೇ ಆ ಅರ್ಧ ಗಂಟೆಯಿಂದ, ವಿಮಾನ ನೆಲದ ಮೇಲೆ ನಿಂತಷ್ಟೂ ನಷ್ಟ. ಆ ಅರ್ಧ ಗಂಟೆಯನ್ನು ಬೆನ್ನಿನ ಮೇಲೆ ಹೊರುವ ಹುಡುಗರಲ್ಲಿ ಎಷ್ಟೋ ಜನ ಏರ್‌ಲೈನಿನವರೇ ಅಲ್ಲ, ಗುತ್ತಿಗೆಯವರು, ಅದರೊಳಗೆ ಉಪಗುತ್ತಿಗೆಯವರು. ಸಂಬಳ ಬಂದಿಲ್ಲ ಅಂದರೆ ಯಾರನ್ನು ಕೇಳಬೇಕು ಅಂತಲೇ ಗೊತ್ತಾಗಲ್ಲ. 2025ರ ಮೇ ತಿಂಗಳಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಮಾಡುತ್ತಿದ್ದ ಸೆಲೆಬಿ ಕಂಪನಿಯ ಭದ್ರತಾ ಅನುಮತಿ ರದ್ದಾದಾಗ ಬೆಂಗಳೂರೂ ಸೇರಿ ಒಂಬತ್ತು ನಿಲ್ದಾಣಗಳಲ್ಲಿ ಸುಮಾರು 10,000 ಜನ ರಾತ್ರಿ ನಿದ್ದೆ ಮಾಡಲಿಲ್ಲ. ಆವತ್ತು ನಿಮ್ಮ ಇಲಾಖೆ ಅವರನ್ನು ಬೇರೆ ಕಂಪನಿಗಳಿಗೆ ಸೇರಿಸುವ ಕೆಲಸ ಮಾಡಿತು. ಅದಕ್ಕೆ ಥ್ಯಾಂಕ್ಸ್ ಹೇಳಬೇಕು, ಮನಸ್ಸಿಟ್ಟರೆ ಆಗುತ್ತದೆ ಅಂತ ಅವತ್ತು ಗೊತ್ತಾಯಿತು.

ಹೊರದೇಶದ ಒಂದು ವಿಷಯ ಹೇಳಿ ನನ್ನ ಬೇಡಿಕೆಗೆ ಬರುತ್ತೇನೆ. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಹತ್ತು ಸಾವಿರಕ್ಕೂ ಹೆಚ್ಚು ಕ್ಯಾಬಿನ್ ಸಿಬ್ಬಂದಿ ಕೆಲಸ ನಿಲ್ಲಿಸಿದರು. ಅವರು ಮುಖ್ಯವಾಗಿ ಕೇಳಿದ್ದು, ವಿಮಾನದ ಬಾಗಿಲು ಮುಚ್ಚುವ ಮುಂಚಿನ ಕೆಲಸಕ್ಕೂ ದುಡ್ಡು ಕೊಡಿ ಅಂತ. ಪ್ರಯಾಣಿಕರನ್ನು ಹತ್ತಿಸುವುದು, ವಯಸ್ಸಾದವರ ಬ್ಯಾಗ್ ಎತ್ತಿಡುವುದು, ತಪಾಸಣೆ ಮಾಡುವುದು, ಇದಕ್ಕೆಲ್ಲ ಅಲ್ಲಿ ಸಂಬಳ ಲೆಕ್ಕ ಆಗುತ್ತಿರಲಿಲ್ಲ. ಸರ್ಕಾರ ಅರ್ಧ ದಿನದಲ್ಲೇ ಕೆಲಸಕ್ಕೆ ಹೋಗಿ ಅಂತ ಆದೇಶಕ್ಕೆ ಹೊರಟಿತು. ಅವರು ಬಗ್ಗಲಿಲ್ಲ. ನಾಲ್ಕನೇ ದಿನ ಒಪ್ಪಂದ ಆಯಿತು, ನೆಲದ ಮೇಲಿನ ಕೆಲಸಕ್ಕೂ ದುಡ್ಡು ಬಂತು. ನಮ್ಮ ದೇಶದಲ್ಲೂ ಕ್ಯಾಬಿನ್ ಸಿಬ್ಬಂದಿಯ ಸಂಬಳದಲ್ಲಿ ದೊಡ್ಡ ಪಾಲು ಹಾರಿದ ಗಂಟೆಗಳ ಮೇಲೆ ನಿಂತಿದೆ. ಮಂಜಿನಲ್ಲಿ ವಿಮಾನ ಮೂರು ಗಂಟೆ ನಿಂತರೆ ಒಳಗಿರುವ ಇನ್ನೂರು ಜನರ ಕೋಪ ತಡೆದುಕೊಳ್ಳುವವರು ಅವರೇ ಅಲ್ವಾ.

ಡಿಸೆಂಬರ್‌ನಲ್ಲಿ ನೀವು ಮಾಡಿದ ಕೆಲವು ಕೆಲಸ ಸರಿ. ಟಿಕೆಟ್ ದರಕ್ಕೆ ಮಿತಿ ಹಾಕಿದಿರಿ, 500 ಕಿಲೋಮೀಟರ್‌ವರೆಗೆ 7,500 ರೂಪಾಯಿ ಅಂತ. ಇಂಡಿಗೋದ ವಿಮಾನಗಳ ಸಂಖ್ಯೆ ಹತ್ತು ಶೇಕಡಾ ಇಳಿಸಿದಿರಿ. ಆದರೆ ಅದೇ ಡಿಸೆಂಬರ್ 5ರಂದು ಆ ಕಂಪನಿಗೆ ರಾತ್ರಿ ಡ್ಯೂಟಿಯ ನಿಯಮಗಳಿಂದ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿರಿ. ವಾರದ ವಿಶ್ರಾಂತಿಯ ಬದಲು ರಜೆಯನ್ನು ಲೆಕ್ಕ ಹಿಡಿಯಬಾರದು ಅಂತ ಇದ್ದ ಸೂಚನೆಯನ್ನು ಎಲ್ಲರಿಗೂ ವಾಪಸ್ ತೆಗೆದುಕೊಂಡಿರಿ. ಜನ ಸಿಕ್ಕಿಕೊಂಡಿದ್ದರು, ಬೇರೆ ದಾರಿ ಇರಲಿಲ್ಲ ಅನ್ನಬಹುದು. ಆದರೆ ಇದರಿಂದ ಮ್ಯಾನೇಜ್‌ಮೆಂಟ್‌ಗಳು ಕಲಿತ ಪಾಠ ಯಾವುದು ಅಂತ ಯೋಚಿಸಿ. ಜನ ತೆಗೆದುಕೊಳ್ಳದೆ ಕೂತರೆ ಕೊನೆಗೆ ನಿಯಮವೇ ಬಗ್ಗುತ್ತದೆ ಅಂತಲ್ಲವಾ? ನಿಯಮ ಪಾಲಿಸೋಕೆ ಮೊದಲೇ ಜನ ತೆಗೆದುಕೊಂಡು ಖರ್ಚು ಮಾಡಿದ ಬೇರೆ ಕಂಪನಿಗಳಿಗೆ ನಾವು ಏನು ಹೇಳಿದ ಹಾಗಾಯಿತು?

ಹಾಗಾಗಿ ನಾನು ಕೇಳುವುದು ಇಷ್ಟು. ಡಿಜಿಸಿಎ ಪ್ರತಿ ತಿಂಗಳು ಒಂದು ವರದಿ ಹಾಕುತ್ತದೆ, ಯಾವ ಏರ್‌ಲೈನ್ ಎಷ್ಟು ಸಮಯಕ್ಕೆ ಸರಿಯಾಗಿ ಹೊರಟಿತು, ಎಷ್ಟು ವಿಮಾನ ರದ್ದಾಯಿತು, ಎಷ್ಟು ದೂರು ಬಂತು ಅಂತ. ಅದರಲ್ಲಿ ಇನ್ನೊಂದು ಸಾಲು ಸೇರಿಸಿ. ಈ ತಿಂಗಳ ಸಂಬಳ ಯಾವ ತಾರೀಖಿಗೆ ಆಯಿತು, ಪಿಎಫ್ ಕಟ್ಟಿದ್ದಾರಾ, ಟಿಡಿಎಸ್ ಕಟ್ಟಿದ್ದಾರಾ. ಏರ್‌ಲೈನ್‌ಗೆ ಮಾತ್ರ ಅಲ್ಲ, ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಗೆ, ಅದರ ಗುತ್ತಿಗೆದಾರರಿಗೆ ಕೂಡ. ಏಳನೇ ತಾರೀಖು ದಾಟಿದರೆ ಮಾರನೇ ದಿನ ತಪಾಸಣೆಗೆ ಜನ ಹೋಗಲಿ, ಹ್ಯಾಂಗರ್‌ಗೆ ಹೋಗುವ ಹಾಗೇ. ಎರಡು ತಿಂಗಳು ಸತತ ತಪ್ಪಿದರೆ ಹೊಸ ಮಾರ್ಗ, ಹೊಸ ವಿಮಾನ ಕೊಡಬೇಡಿ. ವಿಮಾನದ ಬಾಡಿಗೆಗೆ ಮೊದಲೇ ಠೇವಣಿ ಕಟ್ಟುತ್ತಾರೆ, ಸಿಬ್ಬಂದಿಯ ಮೂರು ತಿಂಗಳ ಸಂಬಳಕ್ಕೂ ಒಂದು ಬ್ಯಾಂಕ್ ಗ್ಯಾರಂಟಿ ಇಡಿಸಿ. ವಿಶ್ರಾಂತಿಯ ನಿಯಮ ಸಡಿಲಿಸಬೇಕಾಗಿ ಬಂದರೆ ಆ ಸಭೆಯಲ್ಲಿ ಪೈಲಟ್‌ಗಳನ್ನೂ ಕ್ಯಾಬಿನ್ ಸಿಬ್ಬಂದಿಯನ್ನೂ ಕೂರಿಸಿಕೊಳ್ಳಿ. ಕುಂದುಕೊರತೆ ಸಮಿತಿಯಲ್ಲಿ ಇರುವವರ ಹೆಸರು, ಅದು ಯಾವಾಗ ಸೇರಿತು ಅನ್ನುವುದು ಸ್ಟಾಫ್ ರೂಮಿನ ಗೋಡೆಯ ಮೇಲೆ, ಬೆಂಗಳೂರಿನಲ್ಲಿ ಕನ್ನಡದಲ್ಲಿ, ಅಂಟಿಸಿರಬೇಕು.

ಇದರಿಂದ ಟಿಕೆಟ್ ಬೆಲೆ ಜಾಸ್ತಿ ಆಗುತ್ತೆ ಅಂತ ನಿಮಗೆ ಹೇಳುತ್ತಾರೆ. ಸ್ವಲ್ಪ ಆಗಬಹುದು. ಆ ಸ್ವಲ್ಪ ಎಷ್ಟು ಅಂತ ಲೆಕ್ಕ ಹಾಕಿ ಜನರ ಮುಂದೆ ಇಡಲಿ. ನಾನು ಹನ್ನೊಂದು ವರ್ಷ ಜನರನ್ನು ನೋಡಿದ್ದೇನೆ. ಕಿಟಕಿ ಸೀಟಿಗೆ, ಹತ್ತು ಕೆಜಿ ಜಾಸ್ತಿ ಬ್ಯಾಗಿಗೆ ದುಡ್ಡು ಕೊಡುತ್ತಾರೆ. ಪೈಲಟ್ ನಿದ್ದೆ ಮಾಡಿ ಬಂದಿದ್ದಾರೆ, ವಿಮಾನ ನೋಡಿದ ಟೆಕ್ನಿಷಿಯನ್‌ಗೆ ಸಂಬಳ ಆಗಿದೆ ಅಂತ ಗೊತ್ತಿದ್ದರೆ ಅದಕ್ಕೂ ಕೊಡುತ್ತಾರೆ.

ಮುಂದಿನ ಸಲ ಬೆಂಗಳೂರಿಗೆ ಬಂದಾಗ ಒಂದು ದಿನ ರಾತ್ರಿ ಉಳಿದುಕೊಳ್ಳಿ ಸಾರ್. ಟರ್ಮಿನಲ್ 2ರ ಒಳಗಿನ ತೋಟ, ಬಿದಿರಿನ ಚಾವಣಿ ಎಲ್ಲರೂ ತೋರಿಸುತ್ತಾರೆ, ಚೆನ್ನಾಗಿಯೂ ಇದೆ. ಅದಾದ ಮೇಲೆ ಬೆಳಗಿನ ಜಾವ ಮೂರರ ಹೊತ್ತಿಗೆ ಸಿಬ್ಬಂದಿಯ ಬಸ್ಸು ಬಂದು ನಿಲ್ಲುವ ಕಡೆ ಬನ್ನಿ. ದೊಡ್ಡಬಳ್ಳಾಪುರ, ನಮ್ಮ ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಚಿಕ್ಕಬಳ್ಳಾಪುರ ಕಡೆಯಿಂದ ಹುಡುಗರು ಹುಡುಗಿಯರು ಸ್ವೆಟರ್ ಹಾಕಿಕೊಂಡು, ಟಿಫನ್ ಡಬ್ಬಿ ಹಿಡಿದು ಇಳಿಯುತ್ತಾರೆ. ತೆಲುಗಿನಲ್ಲಿ ಮಾತಾಡಿಸಿದರೂ ಆಗುತ್ತೆ, ನಮ್ಮ ಕಡೆಯವರಿಗೆ ಎರಡೂ ಬರುತ್ತದೆ. ಪಕ್ಕದಲ್ಲಿ ಮ್ಯಾನೇಜರ್ ಯಾರೂ ಇರುವುದು ಬೇಡ. ಹೋದ ತಿಂಗಳ ಸಂಬಳ ಎಷ್ಟನೇ ತಾರೀಖಿಗೆ ಬಂತು ಅಂತ ಅದೊಂದೇ ಪ್ರಶ್ನೆ ಕೇಳಿ.

ನಮಸ್ಕಾರಗಳೊಂದಿಗೆ,
ದೇವನಹಳ್ಳಿಯಿಂದ, ಹನ್ನೊಂದು ವರ್ಷ ಕೌಂಟರಿನಲ್ಲಿ ನಿಂತ ಒಬ್ಬರು